ಟ್ಯಾಪೆಟ್ ಬಿಚ್ಚಿದ್ದು ನಾನೇ

ಅಪ್ಪಾ, ಬೈಕ್ ಕಳವಾಗಿಲ್ಲ, ಮೆಕ್ಯಾನಿಕ್ ಮಾಮನ ಅಂಗಡಿಗೆ ತಳ್ಕೊಂಡು ಹೋಗಿದೀನಿ. ನೀನು ಬಸ್ಸಲ್ಲಿ ಹೋಗು. ಡಬ್ಬಿ ಕಟ್ಟಿಟ್ಟಿದೀನಿ.

ಮಾಮನ ತಪ್ಪೇನೂ ಇಲ್ಲ. ಅವ್ರು ಸರ್ವೀಸ್ ಮಾಡಿ ಕೊಟ್ಮೇಲೆ ಭಾನುವಾರ ಇಂಜಿನ್ ಒಳಗೆ ವಾಲ್ವ್ ಒತ್ತೋ ಟ್ಯಾಪೆಟ್ ಬಿಚ್ಚಿದ್ದು ನಾನು. ಆ ಟಕಟಕ ಸದ್ದು ನಿಲ್ಲಿಸಿ ನಿನ್ ಹತ್ರ ಶಭಾಷ್ ಅನ್ನಿಸ್ಕೋಬೇಕು ಅಂತ, ಇಂಜಿನ್ ತಣ್ಣಗಾಗೋಕೂ ಬಿಡ್ದೆ, ಕೂದಲೆಳೆಯಷ್ಟೂ ಸಂದಿಲ್ದಂಗೆ ಬಿಗಿ ಮಾಡ್ಬಿಟ್ಟೆ. ಈಗ ವಾಲ್ವ್ ಪೂರ್ತಿ ಮುಚ್ಕೊಳ್ತಿಲ್ಲ, ಅದಕ್ಕೇ ಸ್ಟಾರ್ಟ್ ಆಗ್ತಿಲ್ಲ.

ನಿನ್ನೆ ನೀನು ಅಷ್ಟು ಜನರ ಮುಂದೆ "ಕೆಲಸ ಬರಲ್ವೇನಯ್ಯಾ ನಿಂಗೆ?" ಅಂತ ಬೈದಾಗ ಅವ್ರು ನನ್ ಕಡೆ ತಿರುಗಿ, "ನೀನೇನಾದ್ರೂ ಮುಟ್ಟಿದ್ಯಾ ಮರಿ?" ಅಂದ್ರಲ್ಲ, ಇಲ್ಲ ಅಂತ ತಲೆ ಆಡಿಸ್ದೆ. ಆಗಿಂದ ನನ್ ಮುಖ ನಂಗೇ ನೋಡ್ಕೊಳ್ಳೋಕಾಗ್ತಿಲ್ಲ.

ಸಂಜೆ ನೀನೂ ಅಂಗಡಿ ಹತ್ರ ಬಾ ಅಪ್ಪಾ. ಬೈಗುಳ ಬಿದ್ದಿದ್ದು ಎಲ್ಲರ ಮುಂದೆ, ನಾನು ಒಪ್ಕೊಳ್ಳೋದೂ ಎಲ್ಲರ ಮುಂದೇನೇ ಆಗ್ಲಿ.