ಅಡಿಲೇಡ್ ಫೈನಲ್‌ಗೆ ಬರಲಿ

ರೊವೆನಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ಬೇರೆ ಯಾರಿಗೆ ಹೇಳಲಿ? ಬೇಸ್‌ಬಾಲ್ ಸೀಸನ್ ಈಗಷ್ಟೇ ಶುರುವಾಗಿದೆ. ಇಲ್ಲಿ ಪರ್ತ್‌ನಲ್ಲಿ ನಿಮ್ಮ ಅಡಿಲೇಡ್ ಜೊತೆ ಪಂದ್ಯವಿತ್ತು. ನಿಮ್ಮವನೊಬ್ಬ ಚೆಂಡನ್ನು ಬೇಲಿಯಾಚೆ ಹೊಡೆದಾಗ, ಪರ್ತ್ ಟೋಪಿ ಹಾಕಿಕೊಂಡಿದ್ದ ನಾನೇ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟೆ.

"ಏನಕ್ಕಾ, ಪಾರ್ಟಿ ಬದಲಾಯಿಸಿಬಿಟ್ರಾ?" ಅಂದ ಪಕ್ಕದಲ್ಲಿದ್ದ ನಮ್ಮ ಆಫೀಸಿನ ಪ್ರವೀಣ. "ಫೈನಲ್‌ಗೆ ನಮ್ಮೆದುರು ಬ್ರಿಸ್ಬೇನ್ ಟೀಮ್ ಬರೋದು ಗ್ಯಾರಂಟಿ. ಅಡಿಲೇಡ್ ಕಥೆ ಮುಗೀತು ಬಿಡಿ, ಅವರಲ್ಲಿ ಪಿಚರ್‌ಗಳೇ ಇಲ್ಲ."

"ಈಗಲೇ ಹೇಗೋ ಹೇಳ್ತೀಯಾ? ಇನ್ನೂ ನವೆಂಬರ್ ಕಣೋ," ಅಂತ ನಿನ್ನ ಹಾಗೇ ವಾದಿಸಿದೆ. ಒಳಗೊಳಗೆ ಅವನು ಹೇಳಿದ್ದೇ ಸರಿ ಅನ್ನಿಸಿತ್ತು. ಇರುವ ಇಬ್ಬರು ಒಳ್ಳೆಯ ಪಿಚರ್‌ಗಳು ದಣಿದರೆ ಚೆಂಡೆಸೆಯಲು ನಿಮಗೆ ಮೂರನೆಯವನಿಲ್ಲ.

ನೀನು ಅಡಿಲೇಡ್‌ನ ಕಿಲ್ಬರ್ನ್‌ಗೆ ಹೋದ ಮೇಲೆ ಫೋನ್ ಮಾಡುವುದನ್ನು ನಮ್ಮಿಬ್ಬರಲ್ಲಿ ಯಾರು ಮೊದಲು ಬಿಟ್ಟರೋ, ನನಗೆ ಈಗಲೂ ಗೊತ್ತಿಲ್ಲ. ನಾನು ಕರೆದರೆ ಬರುತ್ತೀಯೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ನಿಮ್ಮ ಟೀಮ್ ಇಲ್ಲಿ ಫೈನಲ್ ಆಡಿದರೆ ಮನೆಯಲ್ಲಿ ಕೂರುವವಳು ನೀನಲ್ಲ.

ನಾನು ಈಗಲೂ ಪರ್ತ್ ಕಡೆಯವಳೇ. ಅಡಿಲೇಡ್ ಸೋಲಲಿ. ಆದರೆ ಇಲ್ಲಿಯವರೆಗೆ ಬಂದು ಸೋಲಲಿ.