ಅಥವಾ ಸೋದರಿ

ಪ್ರೀತಿಯ ವಿನಿ ಅತ್ತೆ,

ದೊರೆ ಒಪ್ಪಿಬಿಟ್ಟರು, ನೀನು ಮನೆ ಬಿಡಬೇಕಾಗಿಲ್ಲ! ಕಟ್ಟಿಟ್ಟ ಪೆಟ್ಟಿಗೆಗಳನ್ನೆಲ್ಲ ಈಗಲೇ ಬಿಚ್ಚು.

ಪಾರ್ಲಿಮೆಂಟಿನ ಕೆಳಮನೆಯಲ್ಲಿ ಮಸೂದೆ ಪಾಸಾದ ದಿನ ನಾನು ಅತ್ತಿದ್ದೆ. ಅಪ್ಪನಂಥ ಹೊಲದಾಳು ಸತ್ತರೆ ಜಮೀನ್ದಾರರು ಕೊಟ್ಟ ಮನೆ ಅವನ ಹೆಂಡತಿಗೆ ಉಳಿಯಲಿ ಎಂದಷ್ಟೇ ಅದರಲ್ಲಿತ್ತು. ತಾಯಿಯಿಲ್ಲದ ನನ್ನನ್ನು ಬೆಳೆಸಿ, ಅಪ್ಪನಿಗೆ ಕೊನೆಯವರೆಗೂ ಅಡುಗೆ ಮಾಡಿ ಹಾಕಿದ ನಿನ್ನಂಥ ತಂಗಿಯ ಮಾತೇ ಇರಲಿಲ್ಲ! ಅಲ್ಲಿ ಗುಮಾಸ್ತನಾಗಿರುವ ನನ್ನ ಹೆಡ್ಲಿ ಮಸೂದೆಗೆ ಹಸಿರು ರಿಬ್ಬನ್ ಕಟ್ಟುತ್ತ, "ಅಳಬೇಡ ಕಣೇ, ಇನ್ನೊಂದು ಮನೆ ಇರೋದೇ ಇದಕ್ಕೆ" ಎಂದು ಅದನ್ನು ಮೇಲ್ಮನೆಗೆ ಒಯ್ದ.

ಅಲ್ಲಿ ಮುದುಕ ಪ್ರಭುಗಳೊಬ್ಬರು ಊರುಗೋಲು ಹಿಡಿದು ಎದ್ದು, "'ಅಥವಾ ಸೋದರಿ' ಅಂತ ಸೇರಿಸಿ" ಎಂದರು.

"ನಿಮ್ಮ ಜಮೀನಿನ ಮನೆಗಳೇ ಕೈತಪ್ಪುತ್ತವಲ್ಲ, ಸ್ವಾಮಿ!" ಎಂದು ಯಾರೋ ಛೇಡಿಸಿದರು.

"ತಪ್ಪಲಿ ಬಿಡ್ರಿ. ನನ್ನನ್ನ ಸಾಕಿದ್ದೂ ಅತ್ತೆನೇ."

ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದ ನಾನು ಚಪ್ಪಾಳೆ ತಟ್ಟಿಬಿಟ್ಟೆ, ಕಾವಲಿನವನ ಹತ್ತಿರ ಬೈಸಿಕೊಂಡೆ!

ಎರಡೂ ಮನೆಗಳ ಮಾತು ಒಂದೇ ಆಗಬೇಕಲ್ಲ, ಮಸೂದೆ ಮತ್ತೆ ಕೆಳಮನೆಗೆ ಬಂತು. ಅವರೂ ಒಪ್ಪಿದರು. ದೊರೆಯೇ ಆದರೂ ಒಂದಕ್ಷರ ತಿದ್ದುವಂತಿಲ್ಲ, ಅತ್ತೆ. ಆದರೂ ಇವತ್ತು ಅವರ ಒಪ್ಪಿಗೆ ಓದುವವರೆಗೆ ನಾನು ಉಸಿರು ಬಿಡಲಿಲ್ಲ. "ನಮ್ಮ ಮದುವೆ ಗಂಟಿಗಿಂತ ಆ ರಿಬ್ಬನ್ ಗಂಟನ್ನೇ ಬಿಗಿಯಾಗಿ ಹಾಕಿದ್ದೆ" ಎಂದು ಹೆಡ್ಲಿ ನಗುತ್ತಾನೆ.

ಅಪ್ಪನ ಕುರ್ಚಿಯನ್ನು ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ತರಿಸು. ನಿನ್ನನ್ನು ಕರೆದೊಯ್ಯುವುದಕ್ಕಲ್ಲ, ನಿನ್ನ ಮನೆಗೆ ನೆಂಟರಾಗಿ ಬರುತ್ತಿದ್ದೇವೆ: ಶನಿವಾರ, ಲಂಡನ್ನಿನಿಂದ ಹತ್ತೂಕಾಲಿಗೆ ಹೊರಡುವ ರೈಲಿಗೆ.

ನಿನ್ನ ಮುದ್ದಿನ
ಐವಿ