ಐದನೇ ಗಂಟಲು

ನಮ್ಮ ಮನೆ, ನಿಮ್ಮ ಕೆಲಸದ ಮೇಜಿನ ಮುಂದೆ
ಮಾರ್ಚ್ 10, ಸೋಮವಾರ ಸಂಜೆ

ಪ್ರೀತಿಯ ಮಾವನವರಿಗೆ,

ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಮೈದುನನ ಮನೆ ಮೆಟ್ಟಿಲು ತುಂಬಾ ಕಡಿದು ಅಂತ ನಿಮ್ಮ ಮಗ ಹೇಳ್ತಿದ್ರು, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಿ ಇಳೀಬೇಡಿ. ಕಣ್ಣಿಗೆ ಔಷಧಿ ಹಾಕ್ಕೋತಿದ್ದೀರಾ? ಓರಗಿತ್ತಿ ಕೇಳಿದರೆ ಹಾಕ್ಕೊಂಡೆ ಅಂತೀರಂತೆ, ಸೀಸೆ ಮಾತ್ರ ತಂದ ದಿನ ಹೇಗಿತ್ತೋ ಹಾಗೇ ತುಂಬಿದೆಯಂತೆ. ದೊರೆ ಹೇಗಿದ್ದಾನೆ? ಆ ನಾಯಿಯ ಕ್ಷೇಮವನ್ನ ನಾನು ವಿಚಾರಿಸೋದು ನೋಡಿ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಫೋನ್ ಮಾಡಿದರೆ ‘ಹ್ಞೂಂ, ಚೆನ್ನಾಗಿದ್ದೀನಿ’ ಅಂತ ಇಟ್ಟುಬಿಡ್ತೀರಿ. ಅದಕ್ಕೇ ಕಾಗದ ಬರೀತಿದ್ದೀನಿ, ಪೂರ್ತಿ ಓದಲೇಬೇಕು.

ಮೊದಲು ಸಿಹಿ ಸುದ್ದಿ. ಪುಟ್ಟಿಗೆ ಹನ್ನೊಂದು ವಾರದಿಂದ ಜ್ವರ ಇಲ್ಲ, ಗಂಟಲು ನೋವಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಬಾಯಿ ಮುಚ್ಚಲ್ಲ. ನೀವಿದ್ದಾಗ ಒಂಬತ್ತು ತಿಂಗಳಲ್ಲಿ ಐದು ಸಲ ಹಾಸಿಗೆ ಹಿಡಿದಿದ್ಲು, ನೆನಪಿದೆಯಲ್ಲ. ಐದು ಸಲವೂ ಅದೇ ಸ್ಟ್ರೆಪ್ಟೊಕಾಕಸ್, ಸೂಕ್ಷ್ಮದರ್ಶಕದಲ್ಲಿ ಸರದ ಮಣಿ ಹಾಗೆ ಸಾಲುಗಟ್ಟಿ ಕೂತಿರೋ ಜೀವಿ. ಔಷಧಿ ಕೊಟ್ಟರೆ ಹೋಗೋದು, ಒಂದೆರಡು ತಿಂಗಳಿಗೆ ಮತ್ತೆ ಹಾಜರ್. ಹೀಗೇ ಮರುಕಳಿಸ್ತಾ ಹೋದರೆ ಹೃದಯದ ಕವಾಟಕ್ಕೂ ತೊಂದರೆ ಆಗಬಹುದು ಅಂತ ಮಕ್ಕಳ ಡಾಕ್ಟರು ಹೇಳಿದ್ರು. ಆಮೇಲೆ ನಾನು ಮಾಡಿದ್ದೆಲ್ಲ ಆ ಭಯದಲ್ಲೇ ಮಾಡಿದ್ದು. ಹಾಗಂತ ನಾನು ಮಾಡಿದ್ದು ಸರಿ ಅಂತೇನೂ ಹೇಳ್ತಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಆಗತಾನೇ ಸಂಶೋಧನೆ ಶುರುವಾಗಿತ್ತು. ಈ ಸೋಂಕು ಮನೆಮಂದಿಯಿಂದ ಸಾಕಿದ ನಾಯಿ ಬೆಕ್ಕಿಗೆ, ಅವುಗಳಿಂದ ಮನೆಮಂದಿಗೆ ಹೋಗುತ್ತಾ ಅಂತ ಪತ್ತೆ ಮಾಡೋ ಕೆಲಸ. ಅರವತ್ತು ಮನೆ, ಮನೆಗೆ ಹೆಸರಿಲ್ಲ, ಬರೀ ನಂಬರು. ಮೂವತ್ತೊಂದನೇದು ನಮ್ಮದು. ಹತ್ತಿ ಸುತ್ತಿದ ಕಡ್ಡಿ ಹಿಡ್ಕೊಂಡು ಎಲ್ಲರ ಗಂಟಲನ್ನೂ ನಾನೇ ಸವರಿದೆ: ಪುಟ್ಟಿದು, ನಿಮ್ಮ ಮಗನದು, ನಿಮ್ಮದು, ಕೊನೆಗೆ ದೊರೆದು. ನೀವು ಅವನ ದವಡೆ ಹಿಡಿದಿದ್ದಿರಿ, ಅವನು ಕಡ್ಡೀನೇ ನುಂಗೋಕೆ ನೋಡಿದ. ಎರಡು ದಿನಕ್ಕೆ ಅವನ ಮಾದರಿಯಲ್ಲಿ ಸ್ಟ್ರೆಪ್ಟೊಕಾಕಸ್ ಬೆಳೀತು. ಯಾವ ಬಗೆಯದು ಅಂತ ಗೊತ್ತಾಗೋಕೆ ಇನ್ನೂ ಪರೀಕ್ಷೆ ಬಾಕಿ ಇತ್ತು, ಆದರೆ ನನಗೆ ಕಾಯೋ ತಾಳ್ಮೆ ಎಲ್ಲಿತ್ತು? ಕಳ್ಳ ಸಿಕ್ಕ ಅಂತ ಕುಣಿದಾಡಿದೆ, ನಾಯಿ ಈ ಮನೇಲಿ ಇರಕೂಡದು ಅಂತ ಹಟ ಹಿಡಿದೆ. ನೀವು ಒಂದೇ ಮಾತು ಕೇಳಿದ್ರಿ: “ನಿನ್ನ ಗಂಟಲು ನೋಡಿಸ್ಕೊಂಡೆಯಾ?” ನಾನು ಏನೋ ಉತ್ತರ ಕೊಟ್ಟೆ. ಮಾರನೇ ಬೆಳಿಗ್ಗೆ ಎರಡು ಜೊತೆ ಬಟ್ಟೆ, ಸಣ್ಣ ತಿರುಪುಳಿಗಳ ಡಬ್ಬಿ, ದೊರೆ, ಮೂರನ್ನೂ ಕರ್ಕೊಂಡು ಹೊರಟೇಬಿಟ್ರಿ. ‘ದೊರೆ ಎಲ್ಲೋ ನಾನೂ ಅಲ್ಲೇ’ ಅಂದ್ರಿ. ನಾಯಿಗೋಸ್ಕರ ಮನೆ ಬಿಟ್ಟ ಅಜ್ಜ ಅಂತ ನೆಂಟರೆಲ್ಲ ಇವತ್ತಿಗೂ ನಗ್ತಾರೆ.

ನೀವು ಹೋಗಿ ಐದು ವಾರಕ್ಕೆ ಪುಟ್ಟಿ ಆರನೇ ಸಲ ಮಲಗಿದ್ಲು. ಕೆಂಪಗೆ ಊದಿದ ಗಂಟಲಲ್ಲೇ ಕೇಳಿದ್ಲು: “ಈಗ ದೊರೆ ಇಲ್ವಲ್ಲಮ್ಮ, ಯಾರನ್ನ ಕಳಿಸ್ತೀಯ?” ಅದೇ ವಾರ ಬಾಕಿ ಇದ್ದ ವರದಿ ಬಂತು. ದೊರೆ ಬಾಯಲ್ಲಿರೋದು ನಾಯಿಗಳದೇ ಬಗೆ, ಅವುಗಳ ಬಾಯಲ್ಲಿ ತಂಪಾಗಿ ಸಂಸಾರ ಮಾಡ್ಕೊಂಡಿರೋದು. ಕಚ್ಚಿದರೆ, ಗಾಯ ನೆಕ್ಕಿದರೆ ನಮಗೂ ಒಮ್ಮೊಮ್ಮೆ ತೊಂದರೆ ಕೊಡುತ್ತೆ, ಅಷ್ಟೇ. ಪುಟ್ಟಿ ಗಂಟಲಲ್ಲಿದ್ದದ್ದು ಮನುಷ್ಯರದೇ ಬಗೆ. ದೊರೆಗೂ ಅದಕ್ಕೂ ಎಳ್ಳಷ್ಟೂ ಸಂಬಂಧ ಇರಲಿಲ್ಲ.

ಆವತ್ತು ಮಧ್ಯಾಹ್ನ ನಮ್ಮ ಪ್ರಯೋಗಾಲಯದ ಮೇಡಂ ಎಲ್ಲ ಮನೆಗಳ ಹಾಳೆ ಮುಂದಿಟ್ಕೊಂಡು ಕೂತಿದ್ರು. ಮೂವತ್ತೊಂದನೇದು ಯಾರ ಮನೆ ಅಂತ ಅವರಿಗೆ ಗೊತ್ತಿಲ್ಲ. ಐದು ಜೀವ ಅಂತ ಬರೆದಿದೆ, ನಾಲ್ಕೇ ಮಾದರಿ ಇದೆ, ಈ ಮನೇಲಿ ಮಗುವಿಗೆ ಊಟ ಮಾಡಿಸೋರು ಯಾರು, ಅವರ ಗಂಟಲು ಎಲ್ಲಿ ಅಂತ ಕೇಳಿದ್ರು. ಜೊತೆಯವರೆಲ್ಲ ತಲೆ ಎತ್ತಿದ್ರು. ‘ನಾನೇ, ಮೇಡಂ’ ಅಂದೆ. ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ ‘ಆ’ ಅನ್ನಿ ಅಂತ ಹೇಳೋಳು, ನನ್ನ ಬಾಯಿ ತೆಗೆಯೋ ಯೋಚನೇನೇ ಬಂದಿರಲಿಲ್ಲ. ವರ್ಷದಿಂದ ನನಗೆ ಒಂದು ಕೆಮ್ಮೂ ಬಂದಿಲ್ಲವಲ್ಲ, ಅದೇ ಜಂಬ. ಕೈತೊಳೆಯೋ ಜಾಗದ ಕನ್ನಡಿ ಮುಂದೆ ನಿಂತು ಕಡ್ಡಿ ಹಾಕ್ಕೊಂಡೆ, ಕಣ್ಣಲ್ಲಿ ನೀರು ಬಂತು. ಮಾರನೇ ದಿನ ಮಾದರಿ ಬೆಳೆಸೋ, ರಕ್ತ ಬೆರೆಸಿದ ಕೆಂಪು ತಟ್ಟೆ ತೆಗೆದರೆ ಎಳ್ಳಿಗಿಂತ ಚಿಕ್ಕ ಚುಕ್ಕಿಗಳು, ಪ್ರತಿಯೊಂದರ ಸುತ್ತ ಕೆಂಪು ಕರಗಿ ತಿಳಿಯಾದ ಬಳೆ. ಬಗೆ ನೋಡಿದರೆ ಪುಟ್ಟಿದೂ ನನ್ನದೂ ಒಂದೇ. ಏನೂ ಆಗದವಳ ಹಾಗೆ ಓಡಾಡ್ತಾ, ದಿನಾ ಬೆಳಿಗ್ಗೆ ಹಾಲು ಬಿಸಿ ಇದೆಯಾ ಅಂತ ಅವಳ ಲೋಟದಲ್ಲೇ ಮೊದಲ ಗುಟುಕು ಕುಡೀತಿದ್ದೋಳು ನಾನೇ ಮಾವ.

ಸುಮ್ಮನೆ ಗಂಟಲಲ್ಲಿ ಇಟ್ಕೊಂಡಿರೋರಿಗೆ ಸಾಮಾನ್ಯವಾಗಿ ಔಷಧಿ ಕೊಡಲ್ಲವಂತೆ. ಮಗು ಇಷ್ಟು ಸಲ ಬಿದ್ದಿದ್ದಕ್ಕೆ ಡಾಕ್ಟರು ನಮ್ಮಿಬ್ಬರಿಗೂ ಒಟ್ಟಿಗೇ ಕೊಟ್ರು. ಅವಳು ಜಾಣೆ ಹಾಗೆ ನುಂಗಿದ್ಲು, ನಾನು ಮುಖ ಸಿಂಡರಿಸ್ಕೊಂಡು ನುಂಗಿದೆ. ನನ್ನ ಗಂಟಲನ್ನ ಮೂರು ಸಲ ಪರೀಕ್ಷೆ ಮಾಡಿಸಿದ್ದೀನಿ, ಮೂರನೇದು ಇವತ್ತು ಬಂತು, ಏನೂ ಬೆಳೆದಿಲ್ಲ. ಅಲ್ಲಿವರೆಗೂ ನಿಮಗೆ ಬರೀಲಿಲ್ಲ. ಅರ್ಧ ನೋಡಿ ತೀರ್ಪು ಕೊಟ್ಟು ಒಂದು ಸಲ ಕೆಟ್ಟಿದ್ದು ಸಾಕು. ಈಗ ಮಾತ್ರ ಧೈರ್ಯವಾಗಿ ಹೇಳ್ತೀನಿ, ದೊರೆ ಬರಬಹುದು, ಪುಟ್ಟಿ ಮಂಚದ ಕೆಳಗೆ ತನ್ನ ಚಾಪೆ ಮೇಲೇ ಮಲಗಬಹುದು. ಗಾಯ ನೆಕ್ಕೋದೊಂದು ಬೇಡ.

ನಿಮ್ಮ ಮೇಜಿನ ಧೂಳು ಒರೆಸಿದ್ದೀನಿ, ಒಂದು ಸ್ಪ್ರಿಂಗೂ ಅಲುಗಿಸಿಲ್ಲ. ನಡುಮನೆ ಗಡಿಯಾರ ಹನ್ನೆರಡು ನಿಮಿಷ ಹಿಂದಿತ್ತು, ನಿಮ್ಮ ಮಗ ಬಿಚ್ಚಿ ಸರಿ ಮಾಡಿದ್ರು, ಈಗ ನಾಲ್ಕಕ್ಕೆ ಆರು ಹೊಡೆಯುತ್ತೆ. ಪುಟ್ಟಿ ದೊರೆ ಚಿತ್ರ ಬರೆದು ಇದರ ಜೊತೆ ಇಟ್ಟಿದ್ದಾಳೆ. ಐದು ಕಾಲಿದೆಯಲ್ಲ ಅಂದರೆ ಒಂದು ಬಾಲ ಅಂತಾಳೆ. ಮೈದುನನಿಗೂ ಓರಗಿತ್ತಿಗೂ ನಮ್ಮೆಲ್ಲರ ನೆನಪು ತಿಳಿಸಿ. ಕಣ್ಣಿಗೆ ಔಷಧಿ ಹಾಕ್ಕೊಳ್ಳಿ.

ಇತಿ,
ನಿಮ್ಮ ಸೊಸೆ
(ನೀವು ರೇಗಿಸೋ ‘ಡಾಕ್ಟರಮ್ಮ’)

ತಾ.ಕ.: ಅಂಚೆಪೆಟ್ಟಿಗೆ ತನಕ ಹೋಗಿ, ಹಾಕೋಕೆ ಕೈ ಬರದೆ ವಾಪಸ್ ಬಂದು ಲಕೋಟೆ ಒಡೆದು ಇದನ್ನ ಬರೀತಿದ್ದೀನಿ. ನೀವು ಹೋಗಿದ್ದು ನಾಯಿಗೋಸ್ಕರ ಅಲ್ಲ. ನಿನ್ನ ಗಂಟಲು ನೋಡಿಸ್ಕೊಂಡೆಯಾ ಅಂತ ನೀವು ಕೇಳಿದಾಗ ನಾನು, “ಗಡಿಯಾರ ರಿಪೇರಿ ಮಾಡೋರಿಗೆ ಇದೆಲ್ಲ ಏನು ಗೊತ್ತಾಗುತ್ತೆ, ಸುಮ್ಮನಿರಿ” ಅಂದೆ. ಅಡುಗೆಮನೇಲಿ ಆಗ ನಾವಿಬ್ಬರೇ ಇದ್ದದ್ದು. ನಾಲ್ಕು ತಿಂಗಳು ನೆಂಟರು ನಕ್ಕರೂ ಆ ಮಾತನ್ನ ನೀವು ಯಾರಿಗೂ ಹೇಳಲಿಲ್ಲ. ಇವತ್ತು ನಿಮ್ಮ ಮಗನಿಗೆ ನಾನೇ ಹೇಳಿದೆ. ಮೇಡಂ ಹಾಳೆಯ ಮೊದಲ ಸಾಲಿನಲ್ಲಿ ಈಗ ‘ಮಾದರಿ ತೆಗೆಯುವವರ ಗಂಟಲು’ ಅಂತ ಸೇರಿಸಿದ್ದಾರೆ. ಇದು ಮೊದಲು ಯಾರಿಗೆ ಹೊಳೆದದ್ದು ಅಂತ ಕೇಳಿದ್ರು, ಗಡಿಯಾರ ರಿಪೇರಿ ಮಾಡೋ ನಮ್ಮ ಮಾವನಿಗೆ ಅಂದೆ. ತಪ್ಪಾಯ್ತು ಮಾವ. ಭಾನುವಾರ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಬರ್ತಿದ್ದೀನಿ. ಬಾಗಿಲು ನೀವೇ ತೆಗೀರಿ.